ಗಿಡುಗದ ಕಾಲಿನ ದಾರ

ಮೈಸೂರಿನವರಾದ ನಮಗೆ ಬೇಟೆಹಕ್ಕಿ ಎಂದೊಡನೆ ನೆನಪಾಗುವುದು ಗಂಡಭೇರುಂಡ. ಎರಡು ತಲೆಯ ಈ ಹಕ್ಕಿ ಒಡೆಯರ ಲಾಂಛನವಾಗಿತ್ತು. ಇಂದು ರಾಜ್ಯ ಸರ್ಕಾರದ ಲಾಂಛನದಲ್ಲಿದೆ. ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಕೊಕ್ಕು, ಉಗುರುಗಳಲ್ಲಿ ಆನೆಗಳನ್ನೇ ಹಿಡಿದೆತ್ತಿದೆ. ಆದರೆ ಇಂಥ ಹಕ್ಕಿಯನ್ನು ಯಾರೂ ಕಂಡಿಲ್ಲ. ಕಲಾವಿದ ಇಲ್ಲಿ ಹಕ್ಕಿಯನ್ನಲ್ಲ, ಅರಸನ ಆಸೆಯನ್ನು ಚಿತ್ರಿಸಿದ್ದಾನೆ.

ಜಪಾನಿನ ಚಿತ್ರಕಾರರು ಬೇರೆ ದಾರಿ ಹಿಡಿದರು. ‘ಬ್ಯೋಬು’ ಎಂಬ ಮಡಿಸುವ ಪರದೆಗಳ ಮೇಲೆ ಗಿಡುಗಗಳನ್ನು ಬರೆಯುವ ಪದ್ಧತಿ ಅಲ್ಲಿತ್ತು. ಯೋಧ ಮನೆತನಗಳಿಗೆ ಅದು ಅಚ್ಚುಮೆಚ್ಚು. ಸೋಗ ಪಂಥದ ಚೊಕುಆನ್, ನಿಚೊಕುಆನ್ ಇದಕ್ಕೇ ಹೆಸರಾದವರು. ಈ ಬಗೆಯ ಕೆಲವು ಪರದೆಗಳಲ್ಲಿ ಒಂದೊಂದು ಮಡಿಕೆಗೆ ಒಂದೊಂದು ಗಿಡುಗ ಅಡ್ಡಕೋಲಿನ ಮೇಲೆ ಕೂತಿದೆ. ಗರಿಗರಿಯನ್ನೂ ಬಿಡಿಸಿ ಬರೆದಿದ್ದಾರೆ. ಕಣ್ಣಿನಲ್ಲಿ ಕಿಡಿ, ಕಾಲಿಗೆ ದಾರ. ಯಜಮಾನನ ಘನತೆಗಾಗಿ ಬರೆದ ಚಿತ್ರದಲ್ಲಿ ಆ ಕಟ್ಟನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿದ್ದಾರೆ. ಶೌರ್ಯ ಹಕ್ಕಿಯದು, ಬೇಟೆ ಯಜಮಾನನದು ಎಂಬುದು ನೋಡುವವರಿಗೆ ತಿಳಿದುಬಿಡುತ್ತದೆ.

ಟಿಪ್ಪುವಿನ ಸಿಂಹಾಸನದ ಛತ್ರಿಯ ಮೇಲೆ ರತ್ನ ಕೂರಿಸಿದ ಚಿನ್ನದ ಹುಮಾ ಹಕ್ಕಿಯಿತ್ತು. ಹುಮಾದ ನೆರಳು ಬಿದ್ದವನು ಬಾದಶಹನಾಗುತ್ತಾನೆ ಎಂಬುದು ಪಾರಸಿ ನಂಬಿಕೆ. ಶೇಖ್ ಸಾದಿ ಮಾತ್ರ ಅದನ್ನು ಮೆಚ್ಚಿದ್ದು ಬೇರೆ ಕಾರಣಕ್ಕೆ: ಅದು ಎಲುಬು ತಿಂದು ಬದುಕುತ್ತದೆ, ಯಾವ ಜೀವಿಯನ್ನೂ ನೋಯಿಸುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರು ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಹುಮಾ ಇಂಗ್ಲೆಂಡಿನ ರಾಜಮನೆತನದ ಸಂಗ್ರಹ ಸೇರಿತು. ಇಂದಿಗೂ ಅಲ್ಲೇ ಇದೆ. ತನ್ನ ನೆರಳಲ್ಲಿದ್ದ ಸಿಂಹಾಸನವನ್ನೇ ಅದಕ್ಕೆ ಕಾಯಲಾಗಲಿಲ್ಲ.

ಈಗ ಗಂಡಭೇರುಂಡ ಒಬ್ಬರದು, ಹುಮಾ ಇನ್ನೊಬ್ಬರದು ಎಂದು ಹಕ್ಕಿಗಳಿಗೂ ಧರ್ಮ ಅಂಟಿಸುವವರಿದ್ದಾರೆ. ಆ ಜಗಳದಲ್ಲಿ ನಮಗೆ ಆಸಕ್ತಿಯಿಲ್ಲ. ಎರಡೂ ಅರಮನೆಯ ಹಕ್ಕಿಗಳು. ನೇಕಾರನ, ಬೀಡಿ ಕಟ್ಟುವವಳ, ಟಾಂಗಾ ಓಡಿಸುವವನ ಹೊಟ್ಟೆ ತುಂಬಿಸಲು ಒಂದೂ ಕೆಳಗಿಳಿಯಲಿಲ್ಲ.

ಉರ್ದು ಓದಿದವರಿಗೆ ಇಕ್ಬಾಲರ ಶಾಹೀನ್ ಗೊತ್ತು: ಗೂಡು ಕಟ್ಟದ, ಯಾರ ಹಂಗಿಗೂ ಬೀಳದ ಹಕ್ಕಿ. 1929ರಲ್ಲಿ ಮೈಸೂರಿಗೆ ಬಂದು ಟಿಪ್ಪುವಿನ ಸಮಾಧಿಗೂ ಹೋಗಿದ್ದ ಆ ಕವಿಯ ಹಕ್ಕಿ ಇಂದಿಗೂ ನಮ್ಮ ಹುಡುಗರ ರಕ್ತ ಬಿಸಿ ಮಾಡುತ್ತದೆ. ಒಳ್ಳೆಯದೇ. ಆದರೆ ಹಾರುವ ಹಕ್ಕಿಯನ್ನು ಹಾಡಿದಷ್ಟು ಸುಲಭವಲ್ಲ ಕಾಲಿನ ದಾರವನ್ನು ಬರೆಯುವುದು. ಜಪಾನಿನ ಆ ಪರದೆಗಳು ನಮಗೆ ಹೆಚ್ಚು ಪ್ರಾಮಾಣಿಕ ಎನಿಸುವುದು ಇದಕ್ಕಾಗಿಯೇ. ಲಾಂಛನ ನೋಡಿ ಎದೆಯುಬ್ಬಿಸುವ ಮೊದಲು, ನಮ್ಮ ದಾರದ ತುದಿ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳುವುದು ಒಳಿತು.