ಜುಟ್ಟಿನ ಮಲ್ಲಿಗೆ: ಗಾರ್ಡನ್ ಪಾರ್ಕ್ಸ್‌ನ ಫ್ಯಾಷನ್ ಚಿತ್ರಗಳು

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಅನ್ನುವ ಗಾದೆಯನ್ನು ನಾವು ಕನ್ನಡ ಪಾಠ ಹೇಳುವವರು ಎಷ್ಟು ಸಲೀಸಾಗಿ ವಿಸ್ತರಿಸಿ ಬರೆಯಲು ಕೊಡುತ್ತೇವೆ! ಇದು ಯಾರು ಯಾರಿಗೆ ಹೇಳಿದ ಮಾತು ಅಂತ ಕೇಳಿಕೊಂಡವರು ಕಡಿಮೆ. ಹೊಟ್ಟೆ ತುಂಬಿದವರು ಹಸಿದವರನ್ನು ಆಡಿಕೊಳ್ಳಲು ಕಟ್ಟಿದ ಮಾತಿದು. ವಿಷಾದವೆಂದರೆ, ನಮ್ಮ ದಲಿತ ವಿಮರ್ಶೆಯೂ ಬೇರೆ ಪರಿಭಾಷೆಯಲ್ಲಿ ಇದನ್ನೇ ಹೇಳುತ್ತಾ ಬಂದಿದೆ. ಹಸಿವು, ಅವಮಾನ, ಸಿಟ್ಟು ಇದ್ದರೆ ಅದು ದಲಿತ ಸಂವೇದನೆ. ಅಂದಚೆಂದದ ಮಾತು ಬಂತೋ, ಅದು ಮಧ್ಯಮವರ್ಗದ ಮೋಹ, ಮಾರುಕಟ್ಟೆಯ ಮಾಯೆ. ಈ ಅಳತೆಗೋಲನ್ನು ಪರೀಕ್ಷಿಸಲು ಅಮೆರಿಕದ ಕಪ್ಪು ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್‌ನನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪಾರ್ಕ್ಸ್ ಹುಟ್ಟಿದ್ದು 1912ರಲ್ಲಿ, ಕ್ಯಾನ್ಸಾಸ್‌ನ ಫೋರ್ಟ್ ಸ್ಕಾಟ್ ಎಂಬಲ್ಲಿ. ಹದಿನೈದು ಮಕ್ಕಳ ಬಡ ಮನೆಯ ಕೊನೆಯ ಕೂಸು. ರೈಲಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದಾಗ ಪ್ರಯಾಣಿಕರು ಬಿಟ್ಟುಹೋಗುತ್ತಿದ್ದ ಪತ್ರಿಕೆಗಳೇ ಅವನಿಗೆ ಶಾಲೆ. 1930ರ ದಶಕದ ಕೊನೆಯಲ್ಲಿ ಸಿಯಾಟಲ್‌ನ ಗಿರವಿ ಅಂಗಡಿಯೊಂದರಲ್ಲಿ ಮೊದಲ ಕ್ಯಾಮೆರಾ ಕೊಂಡ. ಆಮೇಲೆ ಸೇಂಟ್ ಪಾಲ್ ಊರಿನ, ಬಿಳಿಯರ ಹೆಂಗಸರ ಉಡುಪಿನ ಅಂಗಡಿಗೆ ಹೋಗಿ ನಿಮ್ಮ ಬಟ್ಟೆಗಳ ಫೋಟೋ ತೆಗೀತೀನಿ ಅಂದ. ಅಂಗಡಿಯ ಯಜಮಾನನ ಹೆಂಡತಿ ಒಪ್ಪಿದಳು. ಒಂದನ್ನು ಬಿಟ್ಟು ಮಿಕ್ಕ ಚಿತ್ರಗಳೆಲ್ಲ ಒಂದರ ಮೇಲೊಂದು ಬಿದ್ದು ಹಾಳಾಗಿದ್ದವು. ಉಳಿದ ಆ ಒಂದನ್ನೇ ದೊಡ್ಡದು ಮಾಡಿ ತಂದು ತೋರಿಸಿದ, ಕೆಲಸ ಗಿಟ್ಟಿತು. ಆ ಚಿತ್ರಗಳನ್ನು ಕಂಡ ಬಾಕ್ಸರ್ ಜೋ ಲೂಯಿಯ ಹೆಂಡತಿ ಮಾರ್ವಾ ಅವನನ್ನು ಷಿಕಾಗೊಗೆ ಬಾ ಎಂದು ಕರೆದಳು. ‘ಪ್ರತಿಭೆ ಇದ್ರೆ ಎಲ್ಲಾ ತಾನಾಗೇ ಬರುತ್ತೆ’ ಅನ್ನೋ ಮಹನೀಯರು ಈ ಇಬ್ಬರು ಹೆಂಗಸರನ್ನು ಲೆಕ್ಕಕ್ಕೆ ಹಿಡಿಯಬೇಕು.

1942ರಲ್ಲಿ ರೋಸನ್‌ವಾಲ್ಡ್ ಫೆಲೋಶಿಪ್ ಪಡೆದು ವಾಷಿಂಗ್‌ಟನ್‌ಗೆ ಬಂದ ಪಾರ್ಕ್ಸ್, ಸರ್ಕಾರಿ ಕಚೇರಿಯ ಕಸ ಗುಡಿಸುತ್ತಿದ್ದ ಎಲ್ಲಾ ವಾಟ್ಸನ್‌ಳನ್ನು ಅಮೆರಿಕದ ಧ್ವಜದ ಮುಂದೆ ನಿಲ್ಲಿಸಿ, ಪೊರಕೆ ಮತ್ತು ನೆಲ ಒರೆಸುವ ಕೋಲಿನ ಜೊತೆ ಚಿತ್ರ ತೆಗೆದ. ಇವತ್ತಿಗೂ ಅವನ ಹೆಸರು ಹೇಳಿದರೆ ಮೊದಲು ಕಣ್ಣಿಗೆ ಬರೋದು ಇದೇ. ಪ್ರಗತಿಪರ ವಿಮರ್ಶೆ ಇದನ್ನು ತಲೆಮೇಲೆ ಹೊತ್ತುಕೊಂಡು, ವೋಗ್ ಪತ್ರಿಕೆಯ ಕೆಲಸವನ್ನು ‘ಅದು ಹೊಟ್ಟೆಪಾಡು ಬಿಡಿ’ ಅಂತ ಪಕ್ಕಕ್ಕಿಡುತ್ತದೆ. ಆದರೆ ಈ ಚಿತ್ರ ಹುಟ್ಟಿದ್ದು ಹೇಗೆ? ಅಲ್ಲಿನ ಮುಖ್ಯಸ್ಥ ರಾಯ್ ಸ್ಟ್ರೈಕರ್ ಮೊದಲ ದಿನ ಪಾರ್ಕ್ಸ್‌ಗೆ ಕ್ಯಾಮೆರಾ ಇಲ್ಲಿಟ್ಟು ಊರು ನೋಡಿ ಬಾ, ಒಂದು ಕೋಟು ಕೊಂಡುಕೋ, ಊಟ ಮಾಡು, ಸಿನಿಮಾ ನೋಡು ಎಂದು ಕಳಿಸಿದ. ಊಟವೂ ಸಿಗಲಿಲ್ಲ, ಸಿನಿಮಾವೂ ಸಿಗಲಿಲ್ಲ, ಕೋಟನ್ನಂತೂ ಯಾರೂ ಮಾರಲಿಲ್ಲ. ಜೇಬಲ್ಲಿ ಹಣವಿದ್ದೂ ಕೋಟು ಸಿಗದವನ ಸಿಟ್ಟು ಆ ಪೊರಕೆಯ ಚಿತ್ರದ ಹಿಂದಿದೆ. ಉಡುಪಿನ ಪ್ರಶ್ನೆಯನ್ನು ಹೊರಗಿಟ್ಟು ಅದನ್ನು ಓದುವುದು ಸಾಧ್ಯವೇ ಇಲ್ಲ.

ನಮಗಿದು ಹೊಸದೂ ಅಲ್ಲ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ, ಅಸ್ಪೃಶ್ಯರೆಂದು ದೂರದಿಂದಲೇ ಗುರುತು ಹೇಳುವ ಉಡುಗೆಯನ್ನೂ ಒಡವೆಯನ್ನೂ ಬಿಡಿ ಎಂದರು. ಮರುದಿನವೇ ಸೀರೆ ಉಡುವ ರೀತಿ ಬದಲಾಯಿತು. ನಮ್ಮ ಕೇರಿಗಳ ಗೋಡೆಗಳ ಮೇಲೆ ಸೂಟು ತೊಟ್ಟು ನಿಂತ ಬಾಬಾಸಾಹೇಬರ ಪಟ ಕೇವಲ ಪಟವೇನು? ಅಷ್ಟಿದ್ದೂ ನಮ್ಮ ವಿಮರ್ಶೆ ಕೆರೆಯ ನೀರನ್ನು ಬರೆಯಿತು, ಸೀರೆಯ ನೆರಿಗೆಯನ್ನು ಬರೆಯಲಿಲ್ಲ.

1944ರಿಂದ ಪಾರ್ಕ್ಸ್ ವೋಗ್‌ಗೆ ಚಿತ್ರ ತೆಗೆಯತೊಡಗಿದ. ಅದಕ್ಕೆ ಮೊದಲು ಹಾರ್ಪರ್ಸ್ ಬಜಾರ್‌ನಲ್ಲಿ ಕೇಳಿದಾಗ, ಅದರ ಒಡೆತನದ ಸಂಸ್ಥೆ ಕಪ್ಪು ಜನರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತೆಂದು ಅವನೇ ಹೇಳಿಕೊಂಡಿದ್ದಾನೆ. ಅವನ ಫ್ಯಾಷನ್ ಚಿತ್ರಗಳಲ್ಲಿ ರೂಪದರ್ಶಿಯರು ಗೊಂಬೆಗಳಂತೆ ನಿಂತಿರುವುದು ಕಡಿಮೆ. ಬೀದಿಗೆ ಬರುತ್ತಾರೆ, ನಡೆಯುತ್ತಾರೆ, ಗಾಳಿಗೆ ಬಟ್ಟೆ ಆಡುತ್ತದೆ. 1948ರಲ್ಲಿ ಲೈಫ್ ಪತ್ರಿಕೆಗಾಗಿ ಹಾರ್ಲೆಮ್‌ನ ಹುಡುಗರ ಗುಂಪಿನ ನಾಯಕ ರೆಡ್ ಜ್ಯಾಕ್ಸನ್‌ನ ಚಿತ್ರಗಳನ್ನು ತೆಗೆದ. ಅದರಿಂದಲೇ ಲೈಫ್‌ನ ಮೊದಲ ಕಪ್ಪು ಛಾಯಾಗ್ರಾಹಕನಾಗಿ ನೌಕರಿ ಸಿಕ್ಕಿತು. ಆ ಹುಡುಗನ ಮನೆ, ಮಮತೆ, ನಗು ಎಲ್ಲವನ್ನೂ ಪಾರ್ಕ್ಸ್ ತೆಗೆದಿದ್ದ. ಸಂಪಾದಕರು ಆರಿಸಿಕೊಂಡದ್ದು ಹೆಚ್ಚಾಗಿ ಹೊಡೆದಾಟ ಮತ್ತು ಕತ್ತಲು. ಅಂದರೆ ನೋವಿಗೂ ಮಾರುಕಟ್ಟೆಯಿದೆ, ನಮ್ಮಲ್ಲೂ ಇದೆ. ಯಾವ ದಲಿತ ಆತ್ಮಕಥೆ ಪಠ್ಯವಾಗುತ್ತದೆ, ಯಾವುದು ಆಗೋದಿಲ್ಲ ಅಂತ ನೋಡಿದರೆ ಸಾಕು.

ಹಾಗಂತ ಪಾರ್ಕ್ಸ್‌ನನ್ನು ಮೆರವಣಿಗೆ ಮಾಡುವ ಉದ್ದೇಶ ನನ್ನದಲ್ಲ. ವೋಗ್‌ಗೆ ಅವನು ಚೆಂದಗಾಣಿಸಿದ್ದು ಬಿಳಿಯ ಹೆಂಗಸರನ್ನು. ಅಮೆರಿಕದ ವೋಗ್ ಮುಖಪುಟಕ್ಕೆ ಕಪ್ಪು ರೂಪದರ್ಶಿಯೊಬ್ಬಳು, ಬೆವರ್ಲಿ ಜಾನ್ಸನ್, ಬಂದದ್ದು 1974ರಲ್ಲಿ. ಆ ಮುಖಪುಟದ ಚಿತ್ರ ತೆಗೆಯುವ ಅವಕಾಶ ಕಪ್ಪು ಛಾಯಾಗ್ರಾಹಕನಿಗೆ, ಟೈಲರ್ ಮಿಚೆಲ್‌ಗೆ, ಮೊದಲ ಸಲ ದಕ್ಕಿದ್ದು 2018ರಲ್ಲಿ. ಒಬ್ಬ ಒಳಗೆ ಹೋದಮಾತ್ರಕ್ಕೆ ಬಾಗಿಲು ತೆರೆದೇ ಇರುತ್ತದೆ ಅಂತೇನಿಲ್ಲ. ಇದು ಅವನಿಗೂ ಗೊತ್ತಿದ್ದಿರಬೇಕು. 1970ರಲ್ಲಿ ಕಪ್ಪು ಹೆಣ್ಣುಮಕ್ಕಳಿಗಾಗಿ ‘ಎಸೆನ್ಸ್’ ಪತ್ರಿಕೆ ಶುರುವಾದಾಗ ಅದರ ಸಂಪಾದಕೀಯ ಹೊಣೆ ಹೊತ್ತವರಲ್ಲಿ ಅವನೂ ಒಬ್ಬ.

ನನ್ನ ವಿದ್ಯಾರ್ಥಿಯೊಬ್ಬ ಮದುವೆ ಫೋಟೋ ತೆಗೆದು ಕಾಲೇಜು ಫೀಸು ಕಟ್ಟುತ್ತಾನೆ. ಬೆಂಗಳೂರಿಗೆ ಹೋಗಿ ಫ್ಯಾಷನ್ ಫೋಟೋಗ್ರಾಫರ್ ಆಗ್ತೀನಿ ಸಾರ್ ಅಂದಾಗ ಸಂಘಟನೆಯ ಗೆಳೆಯರು ನಕ್ಕರು. ನಗುವ ಬದಲು ಅವರು ಕೇಳಬೇಕಾಗಿದ್ದ ಪ್ರಶ್ನೆಗಳು ಬೇರೆ. ಈ ವೃತ್ತಿಯಲ್ಲಿ ಮೊದಲ ವರ್ಷಗಳು ದೊಡ್ಡ ಫೋಟೋಗ್ರಾಫರ್ ಹಿಂದೆ ಲೈಟು ಹೊರುವುದರಲ್ಲೇ ಕಳೆಯುತ್ತವೆ, ಸಂಬಳ ಅಷ್ಟಕ್ಕಷ್ಟೇ. ತೋರಿಸಲು ಒಂದು ಪೋರ್ಟ್‌ಫೋಲಿಯೋ ಬೇಕು. ಅದಕ್ಕೆ ಬಟ್ಟೆ, ಮೇಕಪ್ಪು, ಸ್ಟುಡಿಯೋ ಬಾಡಿಗೆಯನ್ನು ಕೈಯಿಂದಲೇ ಹಾಕಬೇಕು. ಕೆಲಸ ಸಿಗುವುದು ಪರಿಚಯದಿಂದ. ಈ ಪರಿಚಯಕ್ಕೆ ಇನ್ನೊಂದು ಹೆಸರು ಜಾತಿ. ಮೀಸಲಾತಿಯ ಅರ್ಜಿ ನಮೂನೆ ಮುಟ್ಟದ ಜಾಗ ಇದು. ಅಲ್ಲಿಗೆ ಹೋಗಲು ದುಡ್ಡು, ದಾರಿ ಎರಡನ್ನೂ ಹೊಂದಿಸುವ ಮಾತು ನಮ್ಮ ಸಭೆಗಳಲ್ಲಿ ಯಾವತ್ತೂ ಬರೋದಿಲ್ಲ.

1956ರಲ್ಲಿ ಲೈಫ್‌ಗಾಗಿ ಪಾರ್ಕ್ಸ್ ಅಲಬಾಮಾಗೆ ಹೋದ. ಮೊಬೈಲ್ ಊರಿನ ಒಂದು ದೊಡ್ಡ ಅಂಗಡಿಯ ಮುಂದೆ ತೆಗೆದ ವರ್ಣಚಿತ್ರವೊಂದಿದೆ. ಒಪ್ಪವಾಗಿ ಉಡುಪು ತೊಟ್ಟ ಕಪ್ಪು ಹೆಂಗಸು, ಪಕ್ಕದಲ್ಲಿ ಅಷ್ಟೇ ಚೆಂದದ ಫ್ರಾಕಿನ ಪುಟ್ಟ ಹುಡುಗಿ. ತಲೆಯ ಮೇಲೆ ನಿಯಾನ್ ದೀಪದ ಫಲಕ: ಕಪ್ಪು ಜನರ ಪ್ರವೇಶ ಈ ಕಡೆ. ಬೆಳಕು, ಬಣ್ಣ, ನಿಲುವು ಎಲ್ಲಾ ವೋಗ್‌ನಲ್ಲಿ ಕಲಿತದ್ದೇ. ಆ ಉಡುಪನ್ನು ಕಣ್ಣಿಗೆ ತುಂಬಿಕೊಂಡ ಮೇಲೆಯೇ ಫಲಕ ಅಸಹ್ಯವಾಗಿ ಕಾಣುವುದು. ಹರಿದ ಬಟ್ಟೆಯಲ್ಲಿ ನಿಲ್ಲಿಸಿದ್ದರೆ ನೋಡಿದವರು ಅಯ್ಯೋ ಪಾಪ ಅಂದು ಮುಂದೆ ಹೋಗುತ್ತಿದ್ದರು. ಆಕೆಯ ಒಳಲಂಗದ ಪಟ್ಟಿ ಮಾತ್ರ ತೋಳಿನ ಮೇಲೆ ಜಾರಿ ಬಿದ್ದಿದೆ. ಪತ್ರಿಕೆಯ ಸ್ಟುಡಿಯೋದಲ್ಲಾಗಿದ್ದರೆ ಯಾರಾದರೂ ಓಡಿಬಂದು ಸರಿಮಾಡುತ್ತಿದ್ದರು. ಚಿತ್ರದಲ್ಲಿ ಅದು ಹಾಗೇ ಇದೆ.