ಬುತ್ತಿ ಮತ್ತು ಬಿಸಿ ಅನ್ನ: ಪಾದಯಾತ್ರೆಯ ಕಥನಗಳನ್ನು ಓದುತ್ತ

ಯಾತ್ರೆಯ ಬಗ್ಗೆ ಬರೆದವರು ಹೊರಡುವುದನ್ನೂ ತಲುಪುವುದನ್ನೂ ಚೆನ್ನಾಗಿ ಬರೆಯುತ್ತಾರೆ. ನಡುವಿನ ದಿನಗಳು ಮಾತ್ರ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತವೆ. ಎಲ್ಲಿ ಮಲಗಿದರು, ಯಾರು ಅಡುಗೆ ಮಾಡಿದರು, ಪಾತ್ರೆ ಯಾರು ತೊಳೆದರು ಎಂಬುದು ಕೇಳಿದರೂ ಸಿಗುವುದಿಲ್ಲ. ಹಾಗಾಗಿ ನಾನು ಈಚೆಗೆ ಯಾತ್ರಾಕಥನಗಳನ್ನು ಊಟದ ಹೊತ್ತಿನಿಂದ ಹಿಂದಕ್ಕೂ ಮುಂದಕ್ಕೂ ಓದತೊಡಗಿದ್ದೇನೆ.

ಈ ಓದಿಗೆ ಒಳ್ಳೆಯ ಆರಂಭ ಸ್ಪೇನಿನ ಸಾಂತಿಯಾಗೊ ದಾರಿ. 12ನೆಯ ಶತಮಾನದ ‘ಕೋಡೆಕ್ಸ್ ಕ್ಯಾಲಿಕ್ಸ್ಟಿನಸ್’ ಗ್ರಂಥದ 5ನೆಯ ಭಾಗ ಸಂತ ಯಾಕೋಬನ ಸಮಾಧಿಗೆ ನಡೆಯುವ ಕ್ರೈಸ್ತ ಯಾತ್ರಿಕರ ಕೈಪಿಡಿ. ಪಿರನೀಸ್ ಕಣಿವೆಯಿಂದ ಸಾಂತಿಯಾಗೊವರೆಗಿನ ದಾರಿಯನ್ನು ಅದು 13 ಹಂತಗಳಾಗಿ ಒಡೆಯುತ್ತದೆ. ಯಾವ ಹೊಳೆಯ ನೀರು ಕುಡಿಯಬಹುದು, ಯಾವುದು ಕೊಲ್ಲುತ್ತದೆ ಎಂದು ಹೇಳುತ್ತದೆ. ಒಂದು ಹೊಳೆಯ ದಂಡೆಯಲ್ಲಿ ಇಬ್ಬರು ನವಾರೆಯವರು ಚಾಕು ಮಸೆಯುತ್ತ ಕೂತಿದ್ದರಂತೆ. ನೀರು ಒಳ್ಳೆಯದೇ ಎಂದು ಅವರು ಹೇಳಿದ ಮಾತು ನಂಬಿ ಕುದುರೆಗಳಿಗೆ ಕುಡಿಸಿದರೆ ಅಲ್ಲೇ ಎರಡು ಸತ್ತವು, ಇವರು ಚರ್ಮ ಸುಲಿಯಲು ಎದ್ದರು. ಪುಸ್ತಕ ಪಕ್ಷಪಾತದ್ದು, ಆ ಸೀಮೆಯ ಜನರನ್ನು ಬಾಯಿಗೆ ಬಂದಂತೆ ಬೈಯುತ್ತದೆ. ಆದರೂ ನನಗೆ ಅದರ ಮೇಲೆ ನಂಬಿಕೆ. ಬಾಯಾರಿದವನ ಸಿಟ್ಟು ಅದರಲ್ಲಿದೆ. ಭಕ್ತಿಯ ಭಾಷೆಯಲ್ಲಿ ಬರೆದ ಎಷ್ಟೋ ಪುಟಗಳಿಗೆ ಈ ಬಾಯಾರಿಕೆ ಗೊತ್ತೇ ಇಲ್ಲ.

ಕ್ರೈಸ್ತ ಯಾತ್ರೆಯ ಬಗೆಗಿನ ಸಿದ್ಧಾಂತ ಬಂದದ್ದು ಬಹಳ ತಡವಾಗಿ. ವಿಕ್ಟರ್ ಮತ್ತು ಎಡಿತ್ ಟರ್ನರ್ 1978ರಲ್ಲಿ ‘ಇಮೇಜ್ ಆಂಡ್ ಪಿಲ್ಗ್ರಿಮೇಜ್ ಇನ್ ಕ್ರಿಶ್ಚಿಯನ್ ಕಲ್ಚರ್’ ಬರೆದರು. ಊರು ಬಿಟ್ಟು ದಾರಿಗಿಳಿದವರು ತಮ್ಮ ದರ್ಜೆ, ಹುದ್ದೆಗಳನ್ನು ಕಳಚಿಟ್ಟು ಸಮಾನರಾಗಿ ಬೆರೆಯುತ್ತಾರೆ ಎಂಬುದು ಅವರ ‘ಕಮ್ಯುನಿಟಾಸ್’ ಕಲ್ಪನೆಯ ತಿರುಳು. ನಮ್ಮ ತರಗತಿಗಳಲ್ಲಿ ಈ ಪದ ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಹತ್ತು ಜನ ಜೊತೆಗೆ ನಡೆದ ಫೋಟೊ ಇದ್ದರೆ ಸಾಕು, ಪ್ರಬಂಧ ಸಿದ್ಧ. 1981ರಲ್ಲಿ ಮೈಕೆಲ್ ಸಾಲ್ನೊ ಆಂಡಿಸ್ ಬೆಟ್ಟಗಳ ಯಾತ್ರೆಯನ್ನು ಮುಂದಿಟ್ಟು ಇದನ್ನು ಪ್ರಶ್ನಿಸಿದರು. ಆದರೆ ಆ ಪ್ರಶ್ನೆ ನಮ್ಮ ಮಗ್ಗುಲಲ್ಲೇ ಅದಕ್ಕೂ ಬಹಳ ಮೊದಲು ಎದ್ದಿತ್ತು.

ಇರಾವತಿ ಕರ್ವೆ ಆಳಂದಿಯಿಂದ ಪಂಢರಪುರದ ವಾರಿಯಲ್ಲಿ ನಡೆದು ಮರಾಠಿಯಲ್ಲಿ ‘ವಾಟಚಾಲ’ ಬರೆದರು. 1962ರಲ್ಲಿ ಅದು ಇಂಗ್ಲಿಷಿನಲ್ಲೂ ಬಂತು. (ಆಳಂದಿ ಎಂದರೆ ನಮ್ಮ ಆಳಂದವಲ್ಲ. ಆಳಂದ ತಾಲ್ಲೂಕಿನವನೆಂದು ಹೇಳಿದ ಕೂಡಲೇ ಜ್ಞಾನೇಶ್ವರರ ಬಗ್ಗೆ ಕೇಳುವ ಗೆಳೆಯರು ನನಗಿದ್ದಾರೆ.) ಈ ವಾರಿ ಕನ್ನಡ ನಾಡಿಗೆ ಹೊರಗಿನದೂ ಅಲ್ಲ. ಜ್ಞಾನೇಶ್ವರರ ಪಾಲಖಿಯೊಂದಿಗೆ ಹೋಗುವ ಕುದುರೆಗಳು ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆಯವರ ಮನೆಯಿಂದ ನಡೆದೇ ಆಳಂದಿಗೆ ಹೋಗುತ್ತವೆ.

ಪಂಢರಪುರಕ್ಕೆ ಹೋಗುವ ಜನರ ನಾಡೇ ಮಹಾರಾಷ್ಟ್ರ ಎಂಬ ಅರ್ಥದ ಇರಾವತಿಯವರ ಮಾತು ಎಲ್ಲರಿಗೂ ಗೊತ್ತು. ಅದೇ ಪ್ರಬಂಧದಲ್ಲಿರುವ ಊಟದ ವಿಷಯವನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಅವರಿದ್ದ ದಿಂಡಿಯಲ್ಲಿ ಬ್ರಾಹ್ಮಣರೂ ಇದ್ದರು, ಮರಾಠರೂ ಇದ್ದರು. ಒಂದೇ ಅಭಂಗ, ಒಂದೇ ತಾಳ, ಅಡುಗೆ ಮಾತ್ರ ಬೇರೆ. ಇರಾವತಿ ಹೋಗಿ ಮರಾಠಾ ಹೆಂಗಸರ ಜೊತೆ ಉಂಡರು. ಅಲ್ಲಿಂದ ಆ ಹೆಂಗಸರು ಕೈ ಹಿಡಿದು ನಡೆದರು, ತಾಯಿ ಎಂದು ಅಕ್ಕನಂತೆ ಕರೆದರು, ಪುಣೆಗೆ ನಿಮ್ಮ ಮನೆಗೇ ಬರುತ್ತೇವೆ ಎಂದರು. ಆಗ ಒಬ್ಬ ಹುಡುಗಿ ಕೇಳಿದಳು: ಅಲ್ಲಿಗೆ ಬಂದಾಗಲೂ ನೀವು ನಮ್ಮೊಂದಿಗೆ ಹೀಗೇ ಇರುತ್ತೀರಾ? ಇರಾವತಿ ಹೌದು ಎಂದು ಬರೆದಿಲ್ಲ. ಸಾವಿರಾರು ವರ್ಷ ಮಗ್ಗುಲಲ್ಲೇ ಬದುಕಿದರೂ ಅವರು ನಮ್ಮವರಾಗಲಿಲ್ಲ, ನಾವು ಅವರವರಾಗಲಿಲ್ಲ ಎಂಬ ನೋವನ್ನಷ್ಟೇ ಬರೆದು ಮುಂದಕ್ಕೆ ನಡೆಯುತ್ತಾರೆ. ತನ್ನನ್ನೇ ಇಕ್ಕಟ್ಟಿಗೆ ಸಿಕ್ಕಿಸುವ ಮಾತನ್ನು ಹಾಗೇ ಉಳಿಸಿಕೊಂಡಿದ್ದು ಆ ಪ್ರಬಂಧದ ದೊಡ್ಡತನ. ಟರ್ನರ್ ಇದನ್ನು ಓದಿದ್ದರು, 1974ರ ತಮ್ಮ ಪುಸ್ತಕದಲ್ಲಿ ಚರ್ಚಿಸಿಯೂ ಇದ್ದಾರೆ. ಆದರೆ ಅಲ್ಲಿ ಅದು ಸಿದ್ಧಾಂತಕ್ಕೆ ಒದಗುವ ಒಂದು ಉದಾಹರಣೆಯಾಗುತ್ತದೆ. ಹುಡುಗಿಯ ಪ್ರಶ್ನೆ ಸಿದ್ಧಾಂತವನ್ನೇ ಕೇಳುತ್ತಿದೆ ಎಂದು ನನಗನ್ನಿಸುತ್ತದೆ.

ಹಾಗನ್ನಿಸಲು ಒಂದು ಕಾರಣವಿದೆ. ಶೀಗಿ ಹುಣ್ಣಿಮೆ ಹತ್ತಿರ ಬಂದಾಗ ನಮ್ಮ ಭಾಗದಿಂದ ತುಳಜಾಪುರದ ಅಂಬಾಭವಾನಿಗೆ ಜನ ನಡೆದು ಹೋಗುತ್ತಾರೆ. ಗಡಿಯಲ್ಲಿರುವ ಹಿರೋಳ್ಳಿಯಲ್ಲಿ ಒಂದು ತಂಡ ರಾತ್ರಿ ತಂಗಿತ್ತು. ಸಂಶೋಧನೆಯ ನೆಪದಲ್ಲಿ ನಾನೂ ಹೋಗಿ ಕೂತೆ. ಟಂಟಂನಲ್ಲಿ ಅಕ್ಕಿ, ಸಿಲಿಂಡರ್, ದೊಡ್ಡ ಪಾತ್ರೆ ಬಂದಿದ್ದವು. ಬೊಬ್ಬೆ ಎದ್ದ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಜನ ಸಾಲಾಗಿ ಕೂತರು. ಸ್ವಲ್ಪ ದೂರದಲ್ಲಿ ಐದಾರು ಹೆಂಗಸರು ತಮ್ಮ ಗಂಟು ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ತೆಗೆದರು. ನಾನು ಅವರ ಹತ್ತಿರ ಹೋದೆ. ಹಿರಿಯ ಹೆಂಗಸೊಬ್ಬರು ನಗುತ್ತಲೇ, “ತಮ್ಮಾ, ನೀ ಆ ಕಡಿ ಹೋಗಪ್ಪ, ಅಲ್ಲಿ ಬಿಸಿ ಅನ್ನ ಅದ. ನಮ್ದು ಬುತ್ತಿ ಅದ” ಎಂದರು. ದನಿಯಲ್ಲಿ ದೂರು ಇರಲಿಲ್ಲ. ಬುತ್ತಿ ಕಟ್ಟಿಕೊಂಡು ಬಂದವರನ್ನು ಸಾಲಿನಿಂದ ಯಾರೂ ಎಬ್ಬಿಸಬೇಕಾಗಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ. ಆ ಹೊತ್ತಿಗೆ ನಾನು ಎದ್ದು ಹೋಗಿ ಬಿಸಿ ಅನ್ನ ಉಂಡಾಗಿತ್ತು.

ಕನ್ನಡದ ಓದುಗರಾದ ನಮಗೆ ಇಲ್ಲೊಂದು ವಿಶೇಷ ತೊಡಕಿದೆ. ಎ. ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದ ಮುನ್ನುಡಿಯಲ್ಲಿ ಸ್ಥಾವರ, ಜಂಗಮಗಳನ್ನು ಎದುರುಬದುರು ನಿಲ್ಲಿಸಿ ಓದಿದ ಮೇಲೆ, ಚಲಿಸುವುದೆಲ್ಲ ಒಳ್ಳೆಯದು ಎಂಬ ಭಾವನೆ ನಮ್ಮ ವಿಮರ್ಶೆಯಲ್ಲಿ ಕೂತುಬಿಟ್ಟಿದೆ. ಅದು ರಾಮಾನುಜನ್ ತಪ್ಪಲ್ಲ, ನಮ್ಮ ಸೋಮಾರಿತನ. ಊರಿನ ಕೇರಿಗಳೂ ಗಂಟು ಕಟ್ಟಿಕೊಂಡು ದಾರಿಗಿಳಿಯಬಲ್ಲವು. ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ನಡೆಯಬಲ್ಲವು.

ಸಾಂತಿಯಾಗೊ ದಾರಿಯಲ್ಲೂ ಗೆರೆಗಳಿವೆ, ಬೇರೆ ಥರದವು. ನ್ಯಾನ್ಸಿ ಫ್ರೇ 1998ರ ‘ಪಿಲ್ಗ್ರಿಮ್ ಸ್ಟೋರೀಸ್’ನಲ್ಲಿ ನಡೆಯುವವರು, ಸೈಕಲ್ಲಿನವರು, ಬಸ್ಸಿನವರು ಎಂದು ಯಾತ್ರಿಕರು ತಮ್ಮತಮ್ಮಲ್ಲೇ ಮೇಲುಕೀಳು ಎಣಿಸುವುದನ್ನು ದಾಖಲಿಸುತ್ತಾರೆ. ಪ್ರಮಾಣಪತ್ರ ಬೇಕಾದರೆ ಕೊನೆಯ 100 ಕಿಲೋಮೀಟರ್ ನಡೆದಿರಬೇಕೆಂಬ ನಿಯಮವೂ ಅಲ್ಲಿದೆ. ಆದರೆ ಫ್ರೇ ಪುಸ್ತಕದಲ್ಲಿ ನನಗೆ ಮುಖ್ಯವೆನಿಸಿದ್ದು ಮನೆಗೆ ಮರಳಿದವರ ಪಾಡನ್ನೂ ಅವರು ಹುಡುಕಿಕೊಂಡು ಹೋದದ್ದು. ಪುಣೆಯ ಮನೆಯ ಬಾಗಿಲ ಬಗ್ಗೆ ಆ ಹುಡುಗಿ ಕೇಳಿದ್ದೂ ಇದನ್ನೇ.

ನನ್ನ ಪ್ರಬಂಧದ ಮೂರನೆಯ ಅಧ್ಯಾಯಕ್ಕೆ ‘ದಾರಿಯಲ್ಲಿ ಹುಟ್ಟುವ ಸಮುದಾಯ’ ಎಂದು ಹೆಸರಿಟ್ಟಿದ್ದೆ. ಹಿರೋಳ್ಳಿಯ ಆ ರಾತ್ರಿಯ ಟಿಪ್ಪಣಿಯಲ್ಲಿ ಎಷ್ಟು ಜನ, ಯಾವ ಹಾಡು, ಎಷ್ಟು ಗಂಟೆಗೆ ಊಟ ಎಂಬುದೆಲ್ಲ ಇದೆ. ಬುತ್ತಿಯ ಸಾಲು ಇರಲಿಲ್ಲ. ಅದನ್ನು ಮೊನ್ನೆ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ ಬರೆದೆ. ಅಧ್ಯಾಯದ ಹೆಸರು ಹೊಡೆದುಹಾಕಿದ್ದೇನೆ, ಹೊಸದಿನ್ನೂ ಇಟ್ಟಿಲ್ಲ.