ಅಂಗಳದ ಕಲ್ಲಿಗೆ ಆಸಿಡ್ಡೂ ಬೇಡ, ಹೊಳಪೂ ಬೇಡ

ದೀಪಾವಳಿ ಕಳೆದ ವಾರ ಯಾರ ಮನೆಯ ಮುಂದಿನ ಕಲ್ಲುಹಾಸು ನೋಡಿದರೂ ಹಬ್ಬ ಎಷ್ಟು ಜೋರಾಗಿತ್ತೆಂದು ಹೇಳಬಹುದು. ಹಣತೆ ಇಟ್ಟಲ್ಲೆಲ್ಲ ಎಣ್ಣೆಯ ಉಂಗುರ, ಹೂಕುಂಡ ಉರಿದಲ್ಲಿ ಕಪ್ಪು ಮಸಿ, ರಂಗೋಲಿಯ ನೀಲಿ, ಗುಲಾಬಿ ಬಣ್ಣ ಸಂದುಗಳೊಳಗೆ ಇಳಿದು ಕೂತಿರುತ್ತದೆ. ಇದರಡಿಯಲ್ಲಿ ಮಳೆಗಾಲ ಬಿಟ್ಟುಹೋದ ಪಾಚಿ ಬೇರೆ. ಮಳೆ ನಿಂತು, ಬಿಸಿಲು ಇನ್ನೂ ಚುರುಕಾಗದ ಈ ಎರಡು ಮೂರು ತಿಂಗಳೇ ಅಂಗಳದ ಕಲ್ಲನ್ನು ನೋಡಿಕೊಳ್ಳಲು ಸರಿಯಾದ ಕಾಲ. ಹಾರ್ಡ್‌ವೇರ್ ಅಂಗಡಿಯವರಿಗೂ ಅದು ಗೊತ್ತು. ಒಂದು ಕಡೆ ಆಸಿಡ್ ಬಾಟಲಿಗಳು, ಇನ್ನೊಂದು ಕಡೆ ಮಿನುಗುವ ಚಿತ್ರ ಅಂಟಿಸಿದ ಸೀಲರ್ ಡಬ್ಬಿಗಳು. ಈ ಅಂಕಣದ ತಕರಾರು ಇರುವುದು ಇವೆರಡರ ಮೇಲೇ.

ಮೊದಲು ನಿಮ್ಮ ಕಾಲಡಿಯಲ್ಲಿರುವುದು ಯಾವ ಕಲ್ಲು ಎಂದು ತಿಳಿಯಬೇಕು. "ಕಲ್ಲು ತಾನೇ, ಏನಾಗುತ್ತೆ" ಎನ್ನುವವರೇ ಹೆಚ್ಚು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಾಸಿರುವ ಬೂದು ಬಣ್ಣದ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ ಕಡೆ ನೆಲದೊಳಗೆ ಪದರ ಪದರವಾಗಿ ಮಲಗಿರುವ ಇದೇ ಜಾತಿಯ ಕಲ್ಲನ್ನು ಸುಟ್ಟು, ಅರೆದು ಅಲ್ಲಿಯ ಕಾರ್ಖಾನೆಗಳು ಸಿಮೆಂಟ್ ಮಾಡುತ್ತವೆ. ಕಡಪ ಕಲ್ಲು ಕಪ್ಪಗೆ ಗಟ್ಟಿಮುಟ್ಟಾಗಿ ಕಂಡರೂ ಅದೂ ಸುಣ್ಣದ ಕಲ್ಲೇ. ಬೆಂಗಳೂರು ಸುತ್ತಿನ ಸಾದರಹಳ್ಳಿ ಕಲ್ಲು ಗ್ರಾನೈಟ್ ಕುಲದ್ದು, ಸ್ವಭಾವವೇ ಬೇರೆ. ಕರಾವಳಿಯ ಕೆಂಪುಕಲ್ಲು ಮೈತುಂಬ ತೂತು. ಇನ್ನು ಈಗ ಎಲ್ಲೆಲ್ಲೂ ಕಾಣುವ ಇಂಟರ್‌ಲಾಕ್ ಪೇವರ್ ಸಿಮೆಂಟ್, ಜಲ್ಲಿ, ಮರಳು ಕಲಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು.

ಗೊತ್ತಾಗದಿದ್ದರೆ ಅಡುಗೆಮನೆಗೆ ಹೋಗಿ ಅರ್ಧ ನಿಂಬೆಹಣ್ಣು ತನ್ನಿ. ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಎರಡು ಹನಿ ಹಿಂಡಿ, ಬಗ್ಗಿ ನೋಡಿ. ಸುಣ್ಣದ ಕಲ್ಲಾದರೆ ಹನಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಐದು ನಿಮಿಷ ಬಿಟ್ಟು ಒರೆಸಿದರೆ ಅಷ್ಟು ಜಾಗ ಮಂಕಾಗಿರುತ್ತದೆ. ಆ ಮಂಕು ಕಲೆಯಲ್ಲ, ಕಲ್ಲಿನ ಮೇಲ್ಮೈಯೇ ಕರಗಿಹೋಗಿದೆ. ತೊಳೆದರೆ ಹೋಗುವುದಿಲ್ಲ. ಗ್ರಾನೈಟ್ ಆದರೆ ಏನೂ ಆಗುವುದಿಲ್ಲ.

ಎರಡು ಹನಿ ನಿಂಬೆರಸ ಮಾಡುವ ಕೆಲಸವೇ ಇಷ್ಟಾದರೆ ಬಾಟಲಿಗಟ್ಟಲೆ ಆಸಿಡ್ ಏನು ಮಾಡೀತು? ಶಹಾಬಾದ್ ಕಲ್ಲಿನ ಮೇಲೆ ಸುರಿದಾಗ ಬುರುಬುರು ನೊರೆ ಬಂದದ್ದನ್ನು ಕಂಡು "ನೋಡಿ, ಕೊಳೆ ಹೇಗೆ ಏಳ್ತಾ ಇದೆ" ಎನ್ನುತ್ತಾರೆ ಕೆಲಸದವರು. ಏಳುತ್ತಿರುವುದು ಕೊಳೆಯಲ್ಲ, ನೀವು ದುಡ್ಡು ಕೊಟ್ಟು ತಂದ ಕಲ್ಲು. ಸಿಮೆಂಟ್ ಪೇವರ್‌ನಲ್ಲಿ ಆಸಿಡ್ ಮೇಲಿನ ನುಣುಪು ಪದರವನ್ನು ತಿಂದು, ಒಳಗಿನ ಜಲ್ಲಿ ಹೊರಗೆ ಹಲ್ಲು ಕಿರಿಯುವಂತೆ ಮಾಡುತ್ತದೆ. ಬಣ್ಣವೂ ಅದರ ಜೊತೆಗೇ ಹೋಗುತ್ತದೆ. ಗ್ರಾನೈಟ್ ಆಸಿಡ್ಡಿಗೆ ಬಗ್ಗುವುದಿಲ್ಲ ನಿಜ, ಆದರೆ ಅದರೊಳಗಿನ ಕಬ್ಬಿಣದ ಅಂಶ ಕೆದಕಿದಂತಾಗಿ ಕೆಲವು ವಾರಗಳಲ್ಲಿ ಕಲ್ಲು ಹಳದಿ ತಿರುಗುವುದುಂಟು. ಸಾದರಹಳ್ಳಿ ಕಲ್ಲಿನ ಗೇಟಿನ ಬಳಿ ಆ ತುಕ್ಕು ಹಳದಿ ಕಂಡರೆ, ಹಿಂದೆ ಯಾರೋ ಆಸಿಡ್ ಹಾಕಿರಬಹುದೆಂದು ನನಗೆ ಅನುಮಾನ ಬರುತ್ತದೆ.

ಇನ್ನೊಂದು ಮಾತು, ಇದು ಕಲ್ಲಿನ ವಿಷಯವಲ್ಲ, ಪ್ರಾಣದ ವಿಷಯ. ಪಾಚಿಗೆಂದು ಬ್ಲೀಚಿಂಗ್ ಪೌಡರ್ ಎರಚಿ, ಅದರ ಮೇಲೇ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವವರಿದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಶ್ವಾಸಕೋಶಕ್ಕೆ ವಿಷ. ಕೆಲಸದವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು, ಗೊತ್ತಿರುತ್ತದೆ ಅಂದುಕೊಳ್ಳಬಾರದು.

ಹಾಗಾದರೆ ತೊಳೆಯುವುದು ಹೇಗೆ? ಒಣ ಕಸ ಮೊದಲು. ತೆಂಗಿನ ಕಡ್ಡಿ ಪೊರಕೆಯಿಂದ ಗುಡಿಸಿ, ಸಂದಿನ ಹುಲ್ಲನ್ನು ಬೇರು ಸಮೇತ ಕಿತ್ತುಹಾಕಿ. ಹಳೆಯ ಕುಡುಗೋಲಿನ ತುದಿ ಇದಕ್ಕೆ ಯಾವ ಸಲಕರಣೆಗಿಂತಲೂ ವಾಸಿ. ಆಮೇಲೆ ಕಲ್ಲನ್ನು ಚೆನ್ನಾಗಿ ನೆನೆಸಬೇಕು. ಒಣಗಿದ ಕಲ್ಲಿನ ಮೇಲೆ ನೇರವಾಗಿ ಸೋಪಿನ ನೀರು ಹಾಕಿದರೆ ಅದು ಕೊಳೆಯನ್ನೂ ಎಳೆದುಕೊಂಡು ಒಳಗೇ ಇಳಿಯುತ್ತದೆ. ನೆಂದ ಕಲ್ಲು ಅಷ್ಟಾಗಿ ಹೀರುವುದಿಲ್ಲ. ಬಕೆಟ್ ನೀರಿಗೆ ಒಂದಿಷ್ಟು ಪಾತ್ರೆ ತೊಳೆಯುವ ಲಿಕ್ವಿಡ್, ಗಟ್ಟಿ ನೈಲಾನ್ ಬ್ರಷ್, ಹತ್ತು ನಿಮಿಷದ ತಾಳ್ಮೆ. ತಂತಿ ಬ್ರಷ್ ಮುಟ್ಟಲೇಬೇಡಿ. ಅದರ ಕಡ್ಡಿ ಮುರಿದು ಕಲ್ಲಿನ ತೂತಿನಲ್ಲಿ ಉಳಿದರೆ ಮೊದಲ ಮಳೆಗೆ ತುಕ್ಕಿನ ಚುಕ್ಕಿ. ಕೊನೆಯಲ್ಲಿ ತೊಳೆದ ನೀರು ಅಲ್ಲೇ ಒಣಗಲು ಬಿಡದೆ ತಳ್ಳಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಆ ಗಡಸು ನೀರು ನಿಂತಲ್ಲೇ ಆರಿದರೆ ಬಿಳಿ ಪದರ ಬಿಟ್ಟುಹೋಗುತ್ತದೆ. ಹೂಕುಂಡಗಳ ಸುತ್ತ ಕಾಣುವ ಬಿಳಿ ಬಳೆ ಅದೇ.

ಎಣ್ಣೆ ಕಲೆಗೆ ಉಜ್ಜುವುದು ದಂಡ. ಎಣ್ಣೆ ಆಗಲೇ ಒಳಗೆ ಇಳಿದಿರುತ್ತದೆ, ಅದನ್ನು ಮೇಲಕ್ಕೆ ಎಳೆಯಬೇಕು. ಮುಲ್ತಾನಿ ಮಿಟ್ಟಿಗೆ ವಾಷಿಂಗ್ ಸೋಡಾ ಬೆರೆಸಿ, ನೀರು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಅರ್ಧ ಬೆರಳು ದಪ್ಪಕ್ಕೆ ಕಲೆಯ ಮೇಲೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಹಾಳೆ ತೆಗೆದು ಪೂರ್ತಿ ಒಣಗಲು ಬಿಟ್ಟರೆ, ಒಣಗುತ್ತಾ ಒಣಗುತ್ತಾ ಆ ಮಣ್ಣು ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾದೀತು. ಎಲೆ ಅಡಿಕೆಯ ಕೆಂಪು ಕಲೆ, ಹೂವಿನ ಎಸಳು ಕೊಳೆತ ಕಲೆಗೆ ಇದೇ ಮಣ್ಣನ್ನು ಸೋಡಾ ಇಲ್ಲದೆ, ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕಲಸಿ ಮೆತ್ತಬೇಕು. ಗೇಟಿನ ತುಕ್ಕಿನ ಕಲೆಗೆ ಮೊಸಾಯಿಕ್ ಪಾಲಿಶ್‌ನವರು ಬಳಸುತ್ತಿದ್ದ ಆಕ್ಸಾಲಿಕ್ ಪೌಡರ್ ಆಗುತ್ತದೆ. ಆದರೆ ಅದೂ ಆಮ್ಲವೇ, ವಿಷವೂ ಹೌದು. ಗ್ರಾನೈಟ್‌ಗೆ ಮಾತ್ರ, ಕೈಗವಸು ಹಾಕಿಕೊಂಡು.

ಪ್ರೆಷರ್ ವಾಷರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಯಂತ್ರ ಒಳ್ಳೆಯದೇ, ಹಿಡಿಯುವ ಕೈ ಮುಖ್ಯ. ನೀರು ಬೀಸಣಿಗೆಯಂತೆ ಹರಡಿ ಬರುವ ನಾಜಲ್ ಹಾಕಿ, ಕಲ್ಲಿನಿಂದ ಒಂದಡಿ ದೂರ, ಓರೆಯಾಗಿ ಹಿಡಿಯಬೇಕು. ಒಂದೇ ಕಡೆ ನೆಟ್ಟಗೆ ಹೊಡೆದರೆ ಶಹಾಬಾದ್‌ನ ಪದರ ಏಳುತ್ತದೆ, ಪೇವರ್‌ನ ಸಂದಿನ ಮರಳು ಹಾರಿಹೋಗುತ್ತದೆ. ಸಂದಿನ ಮರಳನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪೇವರ್‌ಗಳನ್ನು ಅಲುಗದಂತೆ ಹಿಡಿದಿರುವುದು ಸಿಮೆಂಟ್ ಅಲ್ಲ, ಎರಡರಿಂದ ನಾಲ್ಕು ಮಿಲಿಮೀಟರ್ ಸಂದಿನೊಳಗಿನ ಆ ಮರಳು. ಅದು ಹೋದರೆ ಕಾರು ಹತ್ತಿದಾಗ ಒಂದೊಂದು ಕಲ್ಲೂ ಬೇರೆ ಬೇರೆ ಕುಣಿಯುತ್ತದೆ, ಅಂಚು ಒಡೆಯುತ್ತದೆ, ಇರುವೆ ಮನೆ ಮಾಡುತ್ತದೆ. ಹಾಗಾಗಿ ತೊಳೆದು ಒಣಗಿದ ಮೇಲೆ ಸಣ್ಣಗೆ ಜರಡಿ ಹಿಡಿದ ಒಣ ಎಂ-ಸ್ಯಾಂಡ್ ಹರಡಿ, ಪೊರಕೆಯಿಂದ ಅಡ್ಡಡ್ಡ ತಳ್ಳಿ ಸಂದು ತುಂಬಿಸಬೇಕು. ಸೀಲರ್ ಬಗ್ಗೆ ಯೋಚನೆಯೆಲ್ಲ ಇದಾದ ಮೇಲೆ.

ಮಲೆನಾಡಿನ, ಕರಾವಳಿಯ ಓದುಗರು ಇಷ್ಟು ಹೊತ್ತಿಗೆ ನಕ್ಕಿರುತ್ತಾರೆ. ಅಲ್ಲಿ ನಾಲ್ಕು ತಿಂಗಳು ಅಂಗಳವೇ ಜಾರುಬಂಡಿ. ಅಡಿಕೆ ದಬ್ಬೆ ಹಾಸಿ ಅದರ ಮೇಲೆ ಹೆಜ್ಜೆ ಇಡುತ್ತಿದ್ದ ಕಾಲದಿಂದಲೂ ಪಾಚಿ ಮನೆಯ ಸದಸ್ಯನೇ. ಅಲ್ಲಿಯವರಿಗೆ ನನ್ನ ಸಲಹೆ ಚಿಕ್ಕದು. ಪಾಚಿಗೆ ಬೇಕಾದ್ದು ನೆರಳು ಮತ್ತು ನಿಂತ ನೀರು. ಮರದ ಒಂದೆರಡು ಕೊಂಬೆ ಸವರಿ, ನೀರು ಹರಿದುಹೋಗುವ ಇಳಿಜಾರು ಸರಿಮಾಡಿದರೆ ಅರ್ಧ ಪಾಚಿ ಕಡಿಮೆ. ಉಳಿದದ್ದಕ್ಕೆ ಮಳೆಗೆ ಮುಂಚೆ ಒಮ್ಮೆ, ಮಧ್ಯೆ ಹೊಳವಾದಾಗ ಒಮ್ಮೆ ಬ್ಲೀಚಿಂಗ್ ಪೌಡರ್ ನೀರು, ಅರ್ಧ ಗಂಟೆ ಬಿಟ್ಟು ಉಜ್ಜಿ ತೊಳೆಯುವುದು. ಗಿಡದ ಬುಡಕ್ಕೆ, ಬಾವಿಯ ಕಡೆಗೆ ಹರಿಯದಂತೆ ನೋಡಿಕೊಳ್ಳಿ.

ಹೊಸ ಪೇವರ್ ಹಾಕಿಸಿದವರ ಗೋಳು ಬೇರೆ. ತಿಂಗಳು ತುಂಬುವ ಮೊದಲೇ ಕೆಂಪು ಕಲ್ಲಿನ ಮೇಲೆ ಬಿಳಿ ಪುಡಿ. ಕಂಟ್ರಾಕ್ಟರ್ ಮೋಸ ಮಾಡಿದ ಎಂದು ಜಗಳಕ್ಕೆ ನಿಲ್ಲಬೇಡಿ. ಸಿಮೆಂಟಿನೊಳಗಿನ ಸುಣ್ಣ ನೀರಿನಲ್ಲಿ ಕರಗಿ ಮೇಲೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿಯಾಗುತ್ತದೆ, ಅಷ್ಟೆ. ಕಲ್ಲಿನ ಬಲಕ್ಕೆ ತೊಂದರೆ ಇಲ್ಲ. ಒಣ ಬ್ರಷ್‌ನಿಂದ ಉಜ್ಜಿ ಗುಡಿಸುತ್ತಿರಿ, ಒಂದು ಮಳೆಗಾಲ ಕಳೆದರೆ ಬಹುಪಾಲು ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಸೀಲರ್ ಹಚ್ಚಿದರೆ ಆ ಬಿಳಿಯನ್ನು ಗಾಜಿನ ಕೆಳಗಿಟ್ಟು ಚೌಕಟ್ಟು ಹಾಕಿದಂತೆ.

ಈಗ ಸೀಲರ್. ಅಂಗಡಿಯ ಡಬ್ಬಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕಲ್ಲಿನ ಮೇಲೆ ಪೊರೆಯಾಗಿ ಕೂರುವ ಅಕ್ರಿಲಿಕ್. ಇನ್ನೊಂದು ಒಳಗಿಳಿದು ತೂತುಗಳ ಗೋಡೆಗೆ ಅಂಟಿಕೊಳ್ಳುವ ಸಿಲೇನ್, ಸಿಲಾಕ್ಸೇನ್ ಜಾತಿಯದ್ದು. ಮೊದಲನೆಯದು ಹೊಳೆಯುತ್ತದೆ, ಹಾಗಾಗಿ ಬೇಗ ಮಾರಾಟವಾಗುತ್ತದೆ. ಎರಡನೆಯದನ್ನು ಹಚ್ಚಿದರೆ ಹಚ್ಚಿದ್ದೇ ಕಾಣುವುದಿಲ್ಲ, ನೀರು ಚೆಲ್ಲಿದಾಗ ಮಾತ್ರ ಗೊತ್ತಾಗುತ್ತದೆ. ಅದು ನೀರನ್ನು ಒಳಗೆ ಬಿಡುವುದಿಲ್ಲ, ಒಳಗಿನ ಆವಿಯನ್ನು ಹೊರಗೆ ಹೋಗಲು ಬಿಡುತ್ತದೆ. ಅಂಗಳದ ಕಲ್ಲಿಗೆ ಬೇಕಾದ ಗುಣ ಇದೇ. ಏಕೆಂದರೆ ಅಂಗಳದ ಕಲ್ಲಿಗೆ ನೀರು ಬರುವುದು ಮೇಲಿನಿಂದಷ್ಟೇ ಅಲ್ಲ, ಕೆಳಗಿನ ಮಣ್ಣಿನಿಂದಲೂ. ಮೇಲೆ ಪೊರೆ ಬಿಗಿದರೆ ಕೆಳಗಿನ ತೇವಕ್ಕೆ ದಾರಿಯಿಲ್ಲ. ಪೊರೆ ಹಾಲಿನಂತೆ ಬೆಳ್ಳಗಾಗಿ, ಆಮೇಲೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಮೈಸೂರಿನಲ್ಲಿ ನಮ್ಮ ಬಂಧುಗಳ ಮನೆಯಂಗಳಕ್ಕೆ ಕೋಟ್ ಹೊಡೆಯಲು ಬಂದ ಮೇಸ್ತ್ರಿ, "ಒಂದ್ ಕೋಟ್ ಹೊಡೆದ್ರೆ ಕಲ್ಲು ಕನ್ನಡಿ ಥರ ಮಿಂಚುತ್ತೆ ನೋಡೀಮ್ಮ" ಅಂದರು. ಮನೆಯಾಕೆ ಕೇಳಿದ್ದು ಒಂದೇ ಮಾತು: "ಮಿಂಚೋದು ಹಾಗಿರ್ಲಿ ಮೇಸ್ತ್ರಿ, ನಮ್ಮತ್ತೆ ದಿನಾ ಬೆಳಗ್ಗೆ ಒದ್ದೆ ಕಾಲಲ್ಲಿ ತುಳಸಿಕಟ್ಟೆ ಸುತ್ತು ಬರ್ತಾರೆ, ಜಾರಲ್ವಾ?" ಮೇಸ್ತ್ರಿ ತಲೆ ಕೆರೆದುಕೊಂಡರು. ಕೋಟ್ ಅಲ್ಲಿಗೇ ನಿಂತಿತು. ನಾನು ಓದಿದ ಯಾವ ಕಂಪನಿಯ ಕೈಪಿಡಿಗಿಂತಲೂ ಆ ಪ್ರಶ್ನೆ ಉಪಯುಕ್ತ.

ಒಳಗಿಳಿಯುವ ಸೀಲರ್‌ಗೂ ಮಿತಿಗಳಿವೆ. ಸಿಲೇನ್ ಜಾತಿಯವು ಸಿಲಿಕಾ ಇರುವ ಗ್ರಾನೈಟ್, ಸಿಮೆಂಟ್ ಪೇವರ್‌ಗಳನ್ನು ಗಟ್ಟಿಯಾಗಿ ಹಿಡಿಯುತ್ತವೆ, ಸುಣ್ಣದ ಕಲ್ಲಿನ ಮೇಲೆ ಹಿಡಿತ ಕಮ್ಮಿ. ಶಹಾಬಾದ್, ಕಡಪಗಳಿಗೆ ಎಣ್ಣೆಯನ್ನೂ ತಡೆಯುವ ಫ್ಲೋರೋಪಾಲಿಮರ್ ಇರುವ ಸೀಲರ್ ಕೇಳಿ ತನ್ನಿ. ಆದರೆ ಯಾವ ಸೀಲರ್ ಹಚ್ಚಿದರೂ ಸುಣ್ಣದ ಕಲ್ಲಿನ ಮೇಲೆ ಹುಳಿ ಬಿದ್ದರೆ ಮಂಕಾಗುವುದು ತಪ್ಪದು. ಕಡಪ ಕಲ್ಲು ಕಪ್ಪಾಗಲಿ ಎಂದು ಕೊಬ್ಬರಿ ಎಣ್ಣೆಯೋ ಸೀಮೆಎಣ್ಣೆಯೋ ಉಜ್ಜುವ ರೂಢಿ ಇದೆಯಲ್ಲ, ಅದು ಒಳಮನೆಯ ಕಟ್ಟೆಗೆ ಹೇಗೋ ನಡೆದೀತು. ಅಂಗಳದಲ್ಲಿ ಆ ಎಣ್ಣೆ ಹೀರುವುದು ಧೂಳನ್ನು.

ಸೀಲರ್ ಬೇಕೋ ಬೇಡವೋ ತಿಳಿಯಲು ನೀರಿನ ಹನಿಯೇ ಸಾಕು. ತೊಳೆದು ಒಣಗಿದ ಕಲ್ಲಿನ ಮೇಲೆ ಒಂದು ಚಮಚ ನೀರು ಬಿಟ್ಟು ನಿಂತು ನೋಡಿ. ಹನಿ ಗುಂಡಗೆ ನಿಂತರೆ ಹಳೆಯ ಸೀಲರ್ ಇನ್ನೂ ಕೆಲಸ ಮಾಡುತ್ತಿದೆ ಎಂದೋ ಕಲ್ಲು ಬಿಗಿಯಾಗಿದೆ ಎಂದೋ ಅರ್ಥ. ಒಂದೆರಡು ನಿಮಿಷದಲ್ಲಿ ಕಲ್ಲು ಕಪ್ಪಾಗಿ ಹನಿ ಮಾಯವಾದರೆ ಸೀಲರ್ ಹಚ್ಚುವುದರಲ್ಲಿ ಅರ್ಥವಿದೆ. ಪೇವರ್‌ಗಳ ಭಾರತೀಯ ಮಾನಕ ಐಎಸ್ 15658 ನೀರು ಹೀರುವಿಕೆ ಸರಾಸರಿ ಶೇ. 6ರೊಳಗೆ ಇರಬೇಕೆನ್ನುತ್ತದೆ. ಸಾದರಹಳ್ಳಿ ಗ್ರಾನೈಟ್ ಅದಕ್ಕಿಂತ ಎಷ್ಟೋ ಕಮ್ಮಿ ಹೀರುತ್ತದೆ. ಉಳಿಪೆಟ್ಟಿನ ಗ್ರಾನೈಟ್ ಚಪ್ಪಡಿಗೆ, ಹಣತೆ ಇಡುವ, ಸ್ಕೂಟರ್ ನಿಲ್ಲಿಸುವ ಜಾಗ ಬಿಟ್ಟರೆ, ಸೀಲರ್ ದುಡ್ಡು ದಂಡ ಎಂಬುದು ನನ್ನ ಅಭಿಪ್ರಾಯ. ನೆರಳಿನಲ್ಲಿರುವ ಪೇವರ್‌ಗೆ, ಕೆಂಪುಕಲ್ಲಿಗೆ ಬೇಕು.

ಹಚ್ಚುವ ದಿನಕ್ಕೆ ಮುಂಚೆ ಕಲ್ಲು ಎರಡು ದಿನವಾದರೂ ಪೂರ್ತಿ ಬಿಸಿಲು ಕಂಡಿರಬೇಕು. ಹಚ್ಚುವುದು ಬೆಳಗ್ಗೆ, ಕಲ್ಲು ಕಾಯುವ ಮೊದಲು. ಮಧ್ಯಾಹ್ನದ ಬಿಸಿ ಕಲ್ಲಿನ ಮೇಲೆ ಸುರಿದರೆ ಇಳಿಯುವ ಮೊದಲೇ ಆರಿಹೋಗುತ್ತದೆ. ರೋಲರ್‌ನಲ್ಲಿ ತೆಳ್ಳಗೆ ಒಂದು ಕೋಟ್, ಅದು ಒದ್ದೆಯಿರುವಾಗಲೇ ಇನ್ನೊಂದು. ಹದಿನೈದು ನಿಮಿಷದ ಮೇಲೂ ನಿಂತಿರುವುದನ್ನು ಬಟ್ಟೆಯಿಂದ ಒರೆಸಿ ತೆಗೆಯಲೇಬೇಕು, ಬಿಟ್ಟರೆ ಜಿಗುಟು ಕಲೆಯಾಗುತ್ತದೆ. ಕಲ್ಲು ಎಷ್ಟು ಹೀರುತ್ತದೆ ಎನ್ನುವುದರ ಮೇಲೆ ಲೀಟರಿಗೆ ಸುಮಾರು 50ರಿಂದ 100 ಚದರಡಿ ಬರುತ್ತದೆ. ಮುಂದೆ ಒಂದು ಇಡೀ ದಿನ ನೀರು ಬೀಳಬಾರದು, ಎರಡು ದಿನ ಗಾಡಿ ಹತ್ತಬಾರದು. ಮೂರರಿಂದ ಐದು ವರ್ಷ ನಿಶ್ಚಿಂತೆ.

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ಗೆ 2018ರಲ್ಲಿ ಗ್ರಾನೈಟ್ ಕಲ್ಲು ಹಾಸಿದಾಗ ಊರೆಲ್ಲ ನೋಡಲು ಬಂದಿತ್ತು. ಹಾಸುವ ಉತ್ಸಾಹ ನಮ್ಮಲ್ಲಿ ಬೇಕಾದಷ್ಟಿದೆ, ಮನೆಯಲ್ಲೂ ಬೀದಿಯಲ್ಲೂ. ತೊಳೆಯುವುದಕ್ಕೆ ದುಡ್ಡು ಎತ್ತಿಡುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಈ ಭಾನುವಾರ ಒಂದು ಚಮಚ ನೀರು, ಅರ್ಧ ನಿಂಬೆಹಣ್ಣು ಹಿಡಿದು ಅಂಗಳಕ್ಕೆ ಇಳಿಯಿರಿ. ಸೀಲರ್ ತರಬೇಕೆನಿಸಿದರೆ ಫೆಬ್ರುವರಿಯೊಳಗೆ ತನ್ನಿ, ಆಮೇಲೆ ಬಿಸಿಲು ಜಾಸ್ತಿ. ಡಬ್ಬಿಯ ಮೇಲೆ 'ವೆಟ್ ಲುಕ್' ಎಂದೋ 'ಹೈ ಗ್ಲಾಸ್' ಎಂದೋ ಬರೆದಿದ್ದರೆ ಅದನ್ನು ಅಲ್ಲೇ ಶೆಲ್ಫಿನ ಮೇಲೆ ವಾಪಸ್ ಇಡಿ.